ಕರೆಂಟ್ ಬಿಲ್ ತಪ್ಪಾಗಿ ಬಂದಾಗ: ಅಬಿಡ್ಸ್‌ನ ಮನೆಗಳಿಗೊಂದು ಕೈಪಿಡಿ

ವಿದ್ಯುತ್ ಬಿಲ್ಲಿನಲ್ಲಿ ತಪ್ಪಿದೆ ಎನ್ನಿಸಿದಾಗ ಹೆಚ್ಚಿನ ಮನೆಗಳಲ್ಲಿ ಎರಡರಲ್ಲೊಂದು ನಡೆಯುತ್ತದೆ. ಗೊಣಗುತ್ತಲೇ ಪೂರ್ತಿ ಹಣ ಕಟ್ಟುವುದು ಒಂದು. ಸಿಟ್ಟಿನಿಂದ ಬಿಡಿಗಾಸನ್ನೂ ಕಟ್ಟದೆ ಕೂರುವುದು ಇನ್ನೊಂದು. ಮೊದಲನೆಯದರಲ್ಲಿ ತಪ್ಪು ಎಲ್ಲಿಯೂ ದಾಖಲಾಗುವುದಿಲ್ಲ. ಎರಡನೆಯದರಲ್ಲಿ ಸಂಪರ್ಕ ಕಡಿಯುವ ಅಧಿಕಾರ ಕಂಪನಿಯ ಕೈಗೆ ಬರುತ್ತದೆ. ಈ ಎರಡರ ನಡುವೆ ಕಾನೂನೇ ತೆರೆದಿಟ್ಟ ದಾರಿಯೊಂದಿದೆ: ತಪ್ಪನ್ನು ಅಂಕಿಗಳಲ್ಲಿ ತೋರಿಸುವುದು, ಬರವಣಿಗೆಯಲ್ಲಿ ದೂರು ಕೊಡುವುದು, ಸರಾಸರಿ ಮೊತ್ತವನ್ನು ಆಕ್ಷೇಪಣೆಯೊಡನೆ ಕಟ್ಟುವುದು, ಉತ್ತರ ಸಿಗದಿದ್ದರೆ ಮೇಲಿನ ವೇದಿಕೆಗೆ ಹೋಗುವುದು. ಈ ದಾರಿಯಲ್ಲಿ ನಡೆಯಲು ವಕೀಲರು ಬೇಕಿಲ್ಲ. ತಾರೀಕುಗಳ ಮೇಲೆ ಕಣ್ಣಿಡುವ ಶಿಸ್ತು ಸಾಕು.

ಹೈದರಾಬಾದಿನ ಅಬಿಡ್ಸ್ ಪ್ರದೇಶಕ್ಕೆ ವಿದ್ಯುತ್ ಪೂರೈಸುವುದು ತೆಲಂಗಾಣ ದಕ್ಷಿಣ ವಿದ್ಯುತ್ ವಿತರಣಾ ಕಂಪನಿ, ಅಂದರೆ ಟಿಜಿಎಸ್‌ಪಿಡಿಸಿಎಲ್. ಅದರ ಕೇಂದ್ರ ಕಚೇರಿ ಅಬಿಡ್ಸ್‌ಗೆ ಹತ್ತಿರವೇ ಇರುವ ಮಿಂಟ್ ಕಾಂಪೌಂಡ್‌ನಲ್ಲಿದೆ. ರಾಜ್ಯ ವಿಭಜನೆಗೆ ಮೊದಲು ಇದೇ ಕಂಪನಿ ಎಪಿಸಿಪಿಡಿಸಿಎಲ್ ಆಗಿತ್ತು, 2014ರ ನಂತರ ಟಿಎಸ್‌ಎಸ್‌ಪಿಡಿಸಿಎಲ್ ಆಯಿತು, 2024ರಲ್ಲಿ ಈಗಿನ ಹೆಸರು ಪಡೆಯಿತು. ಹಳೆಯ ಬಿಲ್ಲುಗಳ ಮೇಲೆ ಹಳೆಯ ಹೆಸರಿದ್ದರೂ ವಿವಾದದಲ್ಲಿ ಅವು ಸಾಕ್ಷ್ಯವಾಗಿ ನಿಲ್ಲುತ್ತವೆ. ಕಂಪನಿಯ ದರ ಮತ್ತು ನಿಯಮಗಳನ್ನು ಗೊತ್ತುಮಾಡುವುದು ತೆಲಂಗಾಣ ವಿದ್ಯುತ್ ನಿಯಂತ್ರಣ ಆಯೋಗ. ಇವೆಲ್ಲಕ್ಕೂ ಮೂಲ 2003ರ ವಿದ್ಯುತ್ ಕಾಯ್ದೆ.

ಬಿಲ್ಲನ್ನು ಓದುವ ಬಗೆ

ಆಕ್ಷೇಪಣೆಯ ಮೊದಲ ಕೆಲಸ ಬಿಲ್ಲನ್ನು ಪೂರ್ತಿ ಓದುವುದು. ಹೈದರಾಬಾದಿನಲ್ಲಿ ರೀಡಿಂಗ್ ತೆಗೆಯುವವರು ಸ್ಥಳದಲ್ಲೇ ಮುದ್ರಿಸಿ ಕೊಡುವ ಸಣ್ಣ ಚೀಟಿಯಲ್ಲಿ ಬೇಕಾದ ಮಾಹಿತಿಯೆಲ್ಲ ಇರುತ್ತದೆ. ಯುಎಸ್‌ಸಿ ಸಂಖ್ಯೆ ಆ ಸಂಪರ್ಕದ ಶಾಶ್ವತ ಗುರುತು. ಆನ್‌ಲೈನ್ ಪಾವತಿಗೂ ದೂರಿಗೂ ಅದೇ ಬೇಕು. ಸೆಕ್ಷನ್ ಮತ್ತು ಇಆರ್‌ಒ ಎಂಬ ಎರಡು ನಮೂದುಗಳು ಯಾವ ಕಚೇರಿಗೆ ಹೋಗಬೇಕೆಂದು ತಿಳಿಸುತ್ತವೆ. ಸೆಕ್ಷನ್ ಕಚೇರಿ ತಂತಿ, ಮೀಟರುಗಳ ಕೆಲಸ ನೋಡಿಕೊಂಡರೆ, ಇಆರ್‌ಒ ಎಂಬ ಕಂದಾಯ ಕಚೇರಿ ಹಣದ ಲೆಕ್ಕ ನೋಡಿಕೊಳ್ಳುತ್ತದೆ. ರೀಡಿಂಗ್ ತಪ್ಪಾದಾಗ ಮೊದಲನೆಯದು, ಕಟ್ಟಿದ ಹಣ ಜಮೆಯಾಗದಿದ್ದಾಗ ಎರಡನೆಯದು ಸರಿಯಾದ ಬಾಗಿಲು.

ಹಿಂದಿನ ರೀಡಿಂಗ್ ಮತ್ತು ಅದರ ತಾರೀಕು, ಈಗಿನ ರೀಡಿಂಗ್ ಮತ್ತು ಅದರ ತಾರೀಕು, ಯುನಿಟ್‌ಗಳು, ಮೀಟರಿನ ಸ್ಥಿತಿ, ಗ್ರಾಹಕ ವರ್ಗ, ಒಪ್ಪಂದದ ಲೋಡ್: ಈ ಆರನ್ನು ಹಿಂದಿನ ಬಿಲ್ಲಿನೊಡನೆ ಹೋಲಿಸಬೇಕು. ಈ ತಿಂಗಳ ಬಿಲ್ಲಿನಲ್ಲಿರುವ ‘ಹಿಂದಿನ ರೀಡಿಂಗ್’ ಕಳೆದ ತಿಂಗಳ ಬಿಲ್ಲಿನ ‘ಈಗಿನ ರೀಡಿಂಗ್’ಗೆ ಸಮನಾಗಿರಬೇಕು. ಎರಡೂ ಬೇರೆಯಾಗಿದ್ದರೆ ವಿವಾದಕ್ಕೆ ಬೇರೆ ಪುರಾವೆಯೇ ಬೇಡ. ಮೀಟರಿನ ಸ್ಥಿತಿಯ ಜಾಗದಲ್ಲಿ ಬಾಗಿಲು ಹಾಕಿತ್ತು, ಮೀಟರ್ ನಿಂತಿದೆ ಅಥವಾ ಸುಟ್ಟಿದೆ ಎಂಬ ಸೂಚನೆ ಇದ್ದರೆ ಆ ಬಿಲ್ ನಿಜವಾದ ರೀಡಿಂಗ್‌ನದಲ್ಲ, ಅಂದಾಜಿನದು.

ಮುಂದಿನದು ಹಣದ ಭಾಗ. ವಿದ್ಯುತ್ ಶುಲ್ಕ, ಲೋಡ್‌ಗೆ ತಕ್ಕ ನಿಗದಿತ ಶುಲ್ಕ, ಗ್ರಾಹಕ ಶುಲ್ಕ, ಯುನಿಟ್‌ಗೆ 6 ಪೈಸೆಯಂತೆ ವಿದ್ಯುತ್ ಸುಂಕ, ತಡ ಪಾವತಿಯ ದಂಡ, ಹಿಂದಿನ ಬಾಕಿ, ಹೊಂದಾಣಿಕೆ ಮೊತ್ತ, ಹೆಚ್ಚುವರಿ ಠೇವಣಿ. ಬಿಲ್ ಏರಿದ್ದು ಈ ಯಾವ ಸಾಲಿನಲ್ಲಿ ಎಂದು ಗುರುತಿಸದೆ ಬರೆದ ದೂರು ದಿಕ್ಕು ತಪ್ಪುತ್ತದೆ. ಯುನಿಟ್ ಹೆಚ್ಚಾಗಿದ್ದರೆ ಅದು ಮೀಟರಿನ ಪ್ರಶ್ನೆ. ಯುನಿಟ್ ಅಷ್ಟೇ ಇದ್ದು ಹಣ ಹೆಚ್ಚಾಗಿದ್ದರೆ ಅದು ಲೆಕ್ಕದ ಪ್ರಶ್ನೆ.

ಇನ್ನೂರು ಯುನಿಟ್‌ನ ಗೆರೆ

ತೆಲಂಗಾಣದಲ್ಲಿ ಬಿಲ್ ಏಕಾಏಕಿ ಏರಲು ದೊಡ್ಡ ಕಾರಣ ಸ್ಲ್ಯಾಬ್ ಪದ್ಧತಿಯ ರಚನೆ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ ಮನೆಗಳನ್ನು ಮೂರು ಗುಂಪು ಮಾಡಲಾಗಿದೆ. ತಿಂಗಳಿಗೆ 100 ಯುನಿಟ್‌ವರೆಗೆ ಬಳಸುವ ಮನೆಗೆ ಮೊದಲ 50 ಯುನಿಟ್‌ಗೆ 1.95 ರೂಪಾಯಿ, ನಂತರದ 50ಕ್ಕೆ 3.10 ರೂಪಾಯಿ. 100 ದಾಟಿ 200ರೊಳಗಿದ್ದರೆ ಮೊದಲ 100ಕ್ಕೆ 3.40, ಮುಂದಿನ 100ಕ್ಕೆ 4.80. 200 ದಾಟಿದರೆ ಮೊದಲ 200 ಯುನಿಟ್‌ಗೂ 5.10, ಅದರ ಮೇಲೆ 300ರವರೆಗೆ 7.70, 400ರವರೆಗೆ 9, 800ರವರೆಗೆ 9.50, ಅದಕ್ಕೂ ಮೇಲೆ 10 ರೂಪಾಯಿ.

ಗಡಿ ದಾಟಿದ ಕೂಡಲೇ ಕೆಳಗಿನ ಯುನಿಟ್‌ಗಳ ದರವೂ ಬದಲಾಗುವುದೇ ಇಲ್ಲಿನ ವಿಶೇಷ. 200 ಯುನಿಟ್‌ಗೆ ವಿದ್ಯುತ್ ಶುಲ್ಕ 820 ರೂಪಾಯಿ. 201 ಯುನಿಟ್‌ಗೆ 1,027.70 ರೂಪಾಯಿ. ಒಂದೇ ಒಂದು ಯುನಿಟ್ ಹೆಚ್ಚಾಗಿದ್ದಕ್ಕೆ 207.70 ರೂಪಾಯಿ ಏರಿಕೆ. 2024ರ ಮಾರ್ಚ್‌ನಿಂದ ತೆಲಂಗಾಣದ ಗೃಹಜ್ಯೋತಿ ಯೋಜನೆಯಲ್ಲಿ ಅರ್ಹ ಪಡಿತರ ಚೀಟಿದಾರರಿಗೆ 200 ಯುನಿಟ್‌ವರೆಗೆ ಶೂನ್ಯ ಬಿಲ್ ಬರುತ್ತಿರುವುದರಿಂದ ಈ ಗೆರೆಯ ಬೆಲೆ ಇನ್ನೂ ಹೆಚ್ಚಿದೆ. ಗೆರೆ ದಾಟಿದ ತಿಂಗಳು ಇಡೀ ಬಿಲ್ ಕಟ್ಟಬೇಕಾಗುತ್ತದೆ.

ಆದ್ದರಿಂದಲೇ ರೀಡಿಂಗ್ ತೆಗೆದ ತಾರೀಕು ಮುಖ್ಯ. 30 ದಿನಕ್ಕೆ ಬರಬೇಕಾದವರು 35ನೆಯ ದಿನ ಬಂದರೆ, ದಿನಕ್ಕೆ 6.6 ಯುನಿಟ್ ಬಳಸುವ ಮನೆಯ ಮೀಟರಿನಲ್ಲಿ 198ರ ಬದಲು 231 ಯುನಿಟ್ ಕಾಣುತ್ತದೆ. ಅದನ್ನು ಒಂದು ತಿಂಗಳೆಂದು ಲೆಕ್ಕ ಹಾಕಿದರೆ ವಿದ್ಯುತ್ ಶುಲ್ಕ 1,258.70 ರೂಪಾಯಿ, ಸ್ಲ್ಯಾಬ್‌ನ ಗಡಿಗಳನ್ನು 35 ದಿನಕ್ಕೆ ಹಿಗ್ಗಿಸಿ ಲೆಕ್ಕ ಹಾಕಿದರೆ ಸುಮಾರು 945 ರೂಪಾಯಿ. ಎರಡು ರೀಡಿಂಗ್‌ಗಳ ನಡುವಿನ ದಿನಗಳನ್ನು ಎಣಿಸಿ, ಈ ಹೊಂದಾಣಿಕೆ ಆಗಿದೆಯೇ ಎಂದು ನೋಡುವುದು, ಆಗಿಲ್ಲದಿದ್ದರೆ ಲಿಖಿತವಾಗಿ ಕೇಳುವುದು ಗ್ರಾಹಕರ ಕೆಲಸ. ದರಗಳು ಆಯೋಗದ ಆದೇಶದಂತೆ ಬದಲಾಗುವುದರಿಂದ ಲೆಕ್ಕಕ್ಕೆ ಆಯಾ ವರ್ಷದ ದರಪಟ್ಟಿಯನ್ನೇ ಹಿಡಿಯಬೇಕು.

ಹೈದರಾಬಾದ್ ಈ ಪ್ರಶ್ನೆಯನ್ನು ದೊಡ್ಡ ಪ್ರಮಾಣದಲ್ಲಿ ಎದುರಿಸಿದ್ದು 2020ರಲ್ಲಿ. ಲಾಕ್‌ಡೌನ್ ಕಾಲದಲ್ಲಿ ಮನೆ ಮನೆಗೆ ಹೋಗಿ ರೀಡಿಂಗ್ ತೆಗೆಯುವುದು ನಿಂತು, ಹಿಂದಿನ ವರ್ಷದ ಅದೇ ತಿಂಗಳ ಬಿಲ್ಲಿನ ಆಧಾರದಲ್ಲಿ ತಾತ್ಕಾಲಿಕ ಬಿಲ್ ಕೊಡಲಾಯಿತು. ಜೂನ್‌ನಲ್ಲಿ ಒಮ್ಮೆಗೇ ರೀಡಿಂಗ್ ತೆಗೆದಾಗ ಬೇಸಿಗೆಯ ಬಳಕೆಯೆಲ್ಲ ಒಂದೇ ಬಿಲ್ಲಿನಲ್ಲಿ ಕಾಣಿಸಿಕೊಂಡಿತು, ದೂರುಗಳ ಸುರಿಮಳೆಯಾಯಿತು. ಒಟ್ಟು ಯುನಿಟ್‌ಗಳನ್ನು ತಿಂಗಳುಗಳಿಗೆ ಹಂಚಿ ಸ್ಲ್ಯಾಬ್ ಹಾಕಿದ್ದೇವೆ ಎಂದು ಕಂಪನಿ ವಿವರಿಸಿತು. ಕಂತುಗಳಲ್ಲಿ ಕಟ್ಟಲು ಅವಕಾಶವೂ ದೊರೆಯಿತು. ತಿಂಗಳುಗಟ್ಟಲೆ ರೀಡಿಂಗ್ ಇಲ್ಲದೆ ಒಟ್ಟಾಗಿ ಬಂದ ಬಿಲ್ಲಿಗೆ ಇದೇ ಎರಡು ಬೇಡಿಕೆ ಇಂದಿಗೂ ಅನ್ವಯಿಸುತ್ತವೆ: ಯುನಿಟ್‌ಗಳನ್ನು ತಿಂಗಳುಗಳಿಗೆ ಹಂಚಬೇಕು, ಮೊತ್ತವನ್ನು ಕಂತು ಮಾಡಬೇಕು.

ತಪ್ಪುಗಳು ಹುಟ್ಟುವ ಜಾಗಗಳು

ಅತಿ ಸಾಮಾನ್ಯ ತಪ್ಪು ಅಂಕಿಯನ್ನು ಓದುವುದರಲ್ಲಾಗುತ್ತದೆ. ಎಲೆಕ್ಟ್ರಾನಿಕ್ ಮೀಟರಿನ ಪರದೆಯಲ್ಲಿ ತಾರೀಕು, ವೇಳೆ, ಒಟ್ಟು ಯುನಿಟ್, ಗರಿಷ್ಠ ಬೇಡಿಕೆ ಒಂದಾದ ಮೇಲೊಂದು ಬರುತ್ತವೆ. ಬೇರೆ ಸಾಲನ್ನು ಯುನಿಟ್ ಎಂದು ಬರೆದುಕೊಳ್ಳುವುದು, ದಶಮಾಂಶದ ಅಂಕಿಯನ್ನು ಸೇರಿಸಿಕೊಳ್ಳುವುದು, ಅಂಕಿಗಳು ಅದಲುಬದಲಾಗುವುದು, ಎಲ್ಲವೂ ಆಗುತ್ತವೆ. ಕೆಡಬ್ಲ್ಯೂಎಚ್ ಎಂಬ ಗುರುತಿರುವ ಸಾಲಿನ ಫೋಟೋ ತೆಗೆದು ಬಿಲ್ಲಿನೊಡನೆ ಹೋಲಿಸಿದರೆ ಸಾಕು. ಮೀಟರ್ ತೋರುವ ಅಂಕಿ ಬಿಲ್ಲಿನ ಅಂಕಿಗಿಂತ ಕಡಿಮೆಯಿದ್ದರೆ ತಪ್ಪು ಅಲ್ಲೇ ಸಾಬೀತಾಗುತ್ತದೆ, ಏಕೆಂದರೆ ಸರಿಯಿರುವ ಮೀಟರ್ ಹಿಂದಕ್ಕೆ ಓಡುವುದಿಲ್ಲ.

ಎರಡನೆಯದು ಅಂದಾಜಿನ ಬಿಲ್. ಮನೆಗೆ ಬೀಗ ಹಾಕಿದ್ದಾಗ ಸರಾಸರಿಯ ಮೇಲೆ ಬಿಲ್ ಬರುತ್ತದೆ. 2020ರ ಡಿಸೆಂಬರ್ 31ರಂದು ಕೇಂದ್ರ ಸರ್ಕಾರ ಹೊರಡಿಸಿದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳ ಪ್ರಕಾರ ಒಂದು ಹಣಕಾಸು ವರ್ಷದಲ್ಲಿ ಎರಡಕ್ಕಿಂತ ಹೆಚ್ಚು ತಾತ್ಕಾಲಿಕ ಬಿಲ್ ಕೊಡುವಂತಿಲ್ಲ. ಅಸಾಧಾರಣ ಪರಿಸ್ಥಿತಿ ಇಲ್ಲದೆ ಎರಡು ಅವಧಿ ಮೀರಿ ಅಂದಾಜಿನ ಬಿಲ್ ಮುಂದುವರಿದರೆ, ನಿಜವಾದ ರೀಡಿಂಗ್‌ನ ಬಿಲ್ ಬರುವವರೆಗೆ ಪಾವತಿಯನ್ನು ನಿರಾಕರಿಸುವ ಹಕ್ಕು ಗ್ರಾಹಕರಿಗಿದೆ. ಆ ನಿರಾಕರಣೆಯನ್ನೂ ಬರೆದು ತಿಳಿಸಬೇಕು.

ಮೂರನೆಯದು ಹಳೆಯ ಕಟ್ಟಡಗಳ ತಂತಿಜೋಡಣೆಯ ತೊಡಕು. ಅಬಿಡ್ಸ್ ಮೊದಲಿನಿಂದಲೂ ವ್ಯಾಪಾರದ ಜಾಗ; ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಸೇವೆಯಲ್ಲಿದ್ದ ಆಲ್ಬರ್ಟ್ ಅಬಿಡ್ ಇಟ್ಟ ಅಂಗಡಿಯಿಂದಲೇ ಅದಕ್ಕೆ ಆ ಹೆಸರು ಬಂತು. ಇಂಥ ಪೇಟೆಗಳಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಇರುವುದು, ಹತ್ತಾರು ಮೀಟರುಗಳು ನೆಲಮಹಡಿಯ ಒಂದೇ ಹಲಗೆಯ ಮೇಲೆ ಕೂತಿರುವುದು ಸಾಮಾನ್ಯ. ಅಲ್ಲಿ ಎರಡು ಬಗೆಯ ತಪ್ಪು ಸಂಭವಿಸುತ್ತದೆ. ಒಂದು, ಮೀಟರ್ ಅದಲುಬದಲು: ಒಂದು ಮನೆಯ ತಂತಿ ಇನ್ನೊಂದರ ಹೆಸರಿನ ಮೀಟರಿಗೆ ಹೋಗಿರುತ್ತದೆ. ಮತ್ತೊಂದು, ನ್ಯೂಟ್ರಲ್ ತಂತಿ ಕೂಡಿಕೊಂಡಿರುವುದು. ಈಗ ಬಳಕೆಯಲ್ಲಿರುವ ಬಹುಪಾಲು ಸಿಂಗಲ್ ಫೇಸ್ ಎಲೆಕ್ಟ್ರಾನಿಕ್ ಮೀಟರುಗಳು ಕಳ್ಳತನ ತಡೆಯಲೆಂದು ಫೇಸ್ ಮತ್ತು ನ್ಯೂಟ್ರಲ್ ಎರಡರ ಕರೆಂಟನ್ನೂ ಅಳೆದು, ಯಾವುದು ಹೆಚ್ಚೋ ಅದನ್ನೇ ಲೆಕ್ಕಕ್ಕೆ ಹಿಡಿಯುತ್ತವೆ. ಪಕ್ಕದ ಮನೆಯ ನ್ಯೂಟ್ರಲ್ ಎಲ್ಲೋ ಒಂದೆಡೆ ಕೂಡಿಕೊಂಡಿದ್ದರೆ ಆ ಮನೆಯ ಬಳಕೆಯ ಪಾಲು ಈ ಮೀಟರಿಗೆ ಬೀಳಬಹುದು. ಮೀಟರಿನ ಮೇಲೆ ಇ/ಎಲ್ ಎಂಬ ಗುರುತಿನ ದೀಪ ಸದಾ ಉರಿಯುತ್ತಿದ್ದರೆ ಭೂಸೋರಿಕೆ ಅಥವಾ ಕೂಡಿದ ನ್ಯೂಟ್ರಲ್ ಇದೆ ಎಂದು ಶಂಕಿಸಬೇಕು. ಇದನ್ನು ಸರಿಪಡಿಸುವುದು ಮನೆಯ ಎಲೆಕ್ಟ್ರಿಷಿಯನ್ನನ ಕೆಲಸ. ಮೀಟರಿನಿಂದ ಈಚೆಗಿನ ತಂತಿಯ ಹೊಣೆ ಗ್ರಾಹಕರದೇ.

ನಾಲ್ಕನೆಯದು ಮೀಟರಿನದೇ ದೋಷ: ನಿಂತುಹೋಗುವುದು, ಸುಡುವುದು, ಲೋಡ್ ಇಲ್ಲದಿದ್ದರೂ ಓಡುವುದು, ವೇಗವಾಗಿ ಓಡುವುದು. ಮೀಟರ್ ನಿಂತ ಅವಧಿಗೆ ಯುನಿಟ್‌ಗಳನ್ನು ಅದಕ್ಕೆ ಹಿಂದಿನ ಮೂರು ಬಿಲ್ ಅವಧಿಗಳ ಸರಾಸರಿಯ ಮೇಲೆ ಲೆಕ್ಕ ಹಾಕುವುದು ಪೂರೈಕೆಯ ಷರತ್ತುಗಳಲ್ಲಿರುವ ಕ್ರಮ. ಆ ಮೂರು ತಿಂಗಳ ಬಳಕೆಯ ಸ್ಥಿತಿ ಬೇರೆಯಾಗಿದ್ದರೆ, ಉದಾಹರಣೆಗೆ ಆಗ ಬೇಸಿಗೆಯಾಗಿ ಎಸಿ ಓಡುತ್ತಿದ್ದು ಈಗ ಚಳಿಗಾಲವಾಗಿದ್ದರೆ, ಆ ಸರಾಸರಿ ಹೊಂದುವುದಿಲ್ಲವೆಂದು ವಾದಿಸಲು ಅವಕಾಶವಿದೆ.

ಐದನೆಯದು ವರ್ಗದ ತಪ್ಪು. ಮನೆಯ ಸಂಪರ್ಕವನ್ನು ವಾಣಿಜ್ಯ ವರ್ಗಕ್ಕೆ ಸೇರಿಸಿದರೆ ಪ್ರತಿ ಯುನಿಟ್‌ಗೂ ಹೆಚ್ಚು ದರ ಬೀಳುತ್ತದೆ. ಅಂಗಡಿಗೂ ಮನೆಗೂ ಪ್ರತ್ಯೇಕ ಮೀಟರ್ ಇರುವುದೇ ಇದಕ್ಕೆ ಪರಿಹಾರ. ಮನೆಯ ಮೀಟರಿನಿಂದ ಅಂಗಡಿಗೆ ತಂತಿ ಎಳೆದಿದ್ದರೆ ಅದು ಬಿಲ್ಲಿನ ತಪ್ಪಾಗಿ ಉಳಿಯುವುದಿಲ್ಲ, ಕಾಯ್ದೆಯ 126ನೆಯ ಸೆಕ್ಷನ್ನಿನ ಅನಧಿಕೃತ ಬಳಕೆಯ ಪ್ರಕರಣವಾಗುತ್ತದೆ.

ತಪ್ಪೆನಿಸಿದರೂ ತಪ್ಪಲ್ಲದ ಒಂದು ಸಾಲೂ ಇದೆ: ಎಸಿಡಿ ಎಂಬ ಹೆಚ್ಚುವರಿ ಬಳಕೆ ಠೇವಣಿ. ವರ್ಷಕ್ಕೊಮ್ಮೆ ಸರಾಸರಿ ಬಳಕೆ ನೋಡಿ, ಸುಮಾರು ಎರಡು ತಿಂಗಳ ಬಿಲ್ಲಿನಷ್ಟು ಠೇವಣಿ ಇಲ್ಲದಿದ್ದರೆ ಕೊರತೆಯನ್ನು ಕೇಳುತ್ತಾರೆ. ಈ ಹಣ ಗ್ರಾಹಕರ ಹೆಸರಿನಲ್ಲೇ ಇರುತ್ತದೆ, ಅದಕ್ಕೆ ಬಡ್ಡಿಯೂ ಜಮೆಯಾಗುತ್ತದೆ. ಲೆಕ್ಕ ಸರಿಯಿದೆಯೇ ಎಂದು ಕೇಳಬಹುದು, ಠೇವಣಿಯೇ ಬೇಡವೆನ್ನಲಾಗದು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ದೂರು ಕೊಡುವ ಮೊದಲು ಎರಡು ಸರಳ ಪರೀಕ್ಷೆ ಮಾಡಿದರೆ ಅರ್ಧ ಗೊಂದಲ ಕಳೆಯುತ್ತದೆ. ಮೊದಲನೆಯದು, ಮನೆಯ ಮೇನ್ ಸ್ವಿಚ್ ಆರಿಸಿ ಮೀಟರಿನ ಮಿನುಗುವ ದೀಪವನ್ನು ಹದಿನೈದು ನಿಮಿಷ ಗಮನಿಸುವುದು. ಆಗಲೂ ದೀಪ ಮಿನುಗುತ್ತಿದ್ದರೆ ಆ ಮೀಟರಿನಿಂದ ಬೇರೆ ಯಾರಿಗೋ ಕರೆಂಟ್ ಹೋಗುತ್ತಿದೆ, ಇಲ್ಲವೇ ನ್ಯೂಟ್ರಲ್ ಕೂಡಿದೆ, ಅದೂ ಇಲ್ಲದಿದ್ದರೆ ಮೀಟರ್ ಕೆಟ್ಟಿದೆ. ಮೇನ್ ಆರಿಸಿದರೂ ಮನೆಯ ದೀಪ ಉರಿಯುತ್ತಿದ್ದರೆ ಆರಿಸಿದ್ದು ಬೇರೆಯವರ ಮೇನ್ ಎಂದು ತಿಳಿಯುತ್ತದೆ.

ಎರಡನೆಯದು ವೇಗದ ಅಂದಾಜು. ಮೀಟರಿನ ಮೇಲೆ ಒಂದು ಯುನಿಟ್‌ಗೆ ಎಷ್ಟು ಮಿನುಗು ಎಂದು ಬರೆದಿರುತ್ತದೆ. 3,200 ಎಂದಿದ್ದರೆ, ಉಳಿದದ್ದೆಲ್ಲ ಆರಿಸಿ, ನೀರಿನಲ್ಲಿಟ್ಟ 1,000 ವ್ಯಾಟ್‌ನ ಇಮ್ಮರ್ಷನ್ ರಾಡ್ ಒಂದನ್ನೇ 3 ನಿಮಿಷ ಓಡಿಸಿದಾಗ ಸುಮಾರು 160 ಮಿನುಗು ಬರಬೇಕು. ವೋಲ್ಟೇಜ್ ಏರಿಳಿತದಿಂದ ಹತ್ತು ಹದಿನೈದು ಶೇಕಡಾ ವ್ಯತ್ಯಾಸ ಸಹಜ. ಎಣಿಕೆ ಒಂದೂವರೆ ಪಟ್ಟು, ಎರಡು ಪಟ್ಟು ಬಂದರೆ ಮೀಟರ್ ಪರೀಕ್ಷೆ ಕೇಳಲು ಗಟ್ಟಿ ಕಾರಣ ಸಿಕ್ಕಂತೆ. ಮಿನುಗು ಸರಿಯಿದ್ದರೆ ಕಾರಣವನ್ನು ಮನೆಯೊಳಗೆ ಹುಡುಕಬೇಕು: 2,000 ವ್ಯಾಟ್‌ನ ಗೀಸರ್ ಅರ್ಧ ಗಂಟೆಗೆ ಒಂದು ಯುನಿಟ್ ತಿನ್ನುತ್ತದೆ, ಒಂದೂವರೆ ಟನ್ ಎಸಿ ಗಂಟೆಗೆ ಒಂದರಿಂದ ಒಂದೂವರೆ ಯುನಿಟ್‌ವರೆಗೆ ಬಳಸಬಲ್ಲದು.

ಮೀಟರಿನ ಸೀಲ್ ಮುಟ್ಟಬಾರದು, ಮುಚ್ಚಳ ತೆಗೆಯಬಾರದು. ಮೀಟರಿನಲ್ಲಿ ಕೈಯಾಡಿಸುವುದು ಕಾಯ್ದೆಯ 138ನೆಯ ಸೆಕ್ಷನ್ನಿನಡಿ ಅಪರಾಧ. ನ್ಯಾಯ ತನ್ನ ಕಡೆಯಿದ್ದರೂ ಒಡೆದ ಸೀಲ್ ಒಂದರಿಂದ ಗ್ರಾಹಕರೇ ಆರೋಪಿಯಾಗಬಹುದು.

ದೂರಿನ ಮೊದಲ ಮೆಟ್ಟಿಲು

ಬಿಲ್ ಬಂದ ಒಂದೆರಡು ದಿನದಲ್ಲೇ 1912ಕ್ಕೆ ಕರೆ ಮಾಡಿ ಅಥವಾ ಕಂಪನಿಯ ಆ್ಯಪ್‌ನಲ್ಲಿ ದೂರು ದಾಖಲಿಸಿ ಅದರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಅಷ್ಟಕ್ಕೇ ನಿಲ್ಲಬಾರದು. ಬಾಯಿಮಾತಿನ ದೂರು ಮುಂದಿನ ಹಂತದಲ್ಲಿ ಲೆಕ್ಕಕ್ಕೆ ಬರುವುದು ಕಡಿಮೆ. ಸೆಕ್ಷನ್ ಕಚೇರಿಗೆ, ಇಆರ್‌ಒಗೆ ಅಥವಾ ಗ್ರಾಹಕ ಸೇವಾ ಕೇಂದ್ರಕ್ಕೆ ಲಿಖಿತ ಅರ್ಜಿ ಕೊಟ್ಟು, ನಕಲಿನ ಮೇಲೆ ತಾರೀಕು ಮತ್ತು ಮೊಹರು ಹಾಕಿಸಿಕೊಳ್ಳಬೇಕು. ಅರ್ಜಿ ತೆಲುಗು, ಉರ್ದು ಅಥವಾ ಇಂಗ್ಲಿಷಿನಲ್ಲಿರಬೇಕಾಗುತ್ತದೆ. ಕಾಚಿಗೂಡ, ಕೋಠಿ, ಅಬಿಡ್ಸ್ ಸುತ್ತ ನೆಲೆಸಿದ ಕನ್ನಡ ಕುಟುಂಬಗಳ ಹಿರಿಯರು ವಿಷಯವನ್ನು ಕನ್ನಡದಲ್ಲಿ ಕ್ರಮವಾಗಿ ಬರೆದುಕೊಂಡು, ಆಮೇಲೆ ಮನೆಯವರ ನೆರವಿನಿಂದ ಬೇರೆ ಭಾಷೆಗೆ ತಂದರೆ ಯಾವ ಅಂಕಿಯೂ ತಪ್ಪಿಹೋಗುವುದಿಲ್ಲ.

ಅರ್ಜಿ ಒಂದು ಪುಟ ಮೀರಬಾರದು. ಅದರಲ್ಲಿ ಇರಬೇಕಾದವು ಇಷ್ಟು:

1. ಸಂಪರ್ಕ ಯಾರ ಹೆಸರಿನಲ್ಲಿದೆ, ವಿಳಾಸ, ಯುಎಸ್‌ಸಿ ಸಂಖ್ಯೆ, ಮೀಟರ್ ಸಂಖ್ಯೆ, ಮೊಬೈಲ್ ಸಂಖ್ಯೆ.
2. ಆಕ್ಷೇಪಣೆಯಿರುವ ಬಿಲ್ಲಿನ ತಾರೀಕು, ಯುನಿಟ್, ಮೊತ್ತ.
3. ತಪ್ಪು ಯಾವುದು ಎಂದು ಒಂದೇ ವಾಕ್ಯದಲ್ಲಿ: ರೀಡಿಂಗ್, ಸ್ಲ್ಯಾಬ್, ವರ್ಗ, ಜಮೆಯಾಗದ ಹಣ ಅಥವಾ ಮೀಟರ್ ದೋಷ.
4. ಪುರಾವೆ: ಮೀಟರಿನ ಫೋಟೋ, ಹಿಂದಿನ ಆರು ಬಿಲ್ಲುಗಳು, ಸಾಧ್ಯವಿದ್ದರೆ ಹಿಂದಿನ ವರ್ಷದ ಅದೇ ತಿಂಗಳ ಬಿಲ್.
5. ಗ್ರಾಹಕರ ಲೆಕ್ಕದಂತೆ ಸರಿಯಾದ ಮೊತ್ತ.
6. ಬೇಡಿಕೆ: ಬಿಲ್ ತಿದ್ದುವುದು, ಮರು ರೀಡಿಂಗ್, ಮೀಟರ್ ಪರೀಕ್ಷೆ ಅಥವಾ ಕಂತು.
7. ತೀರ್ಮಾನವಾಗುವವರೆಗೆ ಸಂಪರ್ಕ ಕಡಿಯಬಾರದೆಂಬ ಕೋರಿಕೆ.

ಆಯೋಗದ ಸೇವಾ ಗುಣಮಟ್ಟದ ನಿಯಮಗಳಂತೆ, ಹೆಚ್ಚಿನ ಮಾಹಿತಿ ಬೇಡದ ಬಿಲ್ ದೂರನ್ನು 24 ಕೆಲಸದ ಗಂಟೆಗಳೊಳಗೆ, ಮಾಹಿತಿ ಬೇಕಾದ ದೂರನ್ನು 7 ಕೆಲಸದ ದಿನಗಳೊಳಗೆ ಇತ್ಯರ್ಥಪಡಿಸಬೇಕು. ರೀಡಿಂಗ್ ತಪ್ಪು ಮತ್ತು ಜಮೆಯಾಗದ ಹಣದ ದೂರುಗಳು ಈ ಹಂತದಲ್ಲೇ ಮುಗಿಯಬೇಕಾದವು. ಮುಗಿಯದಿದ್ದರೆ ಸೆಕ್ಷನ್ನಿನ ಸಹಾಯಕ ಎಂಜಿನಿಯರ್ ಮೇಲಿನ ಅಧಿಕಾರಿಯಾದ ಸಹಾಯಕ ವಿಭಾಗೀಯ ಎಂಜಿನಿಯರರಿಗೆ ಮೊದಲ ಅರ್ಜಿಯ ನಕಲಿನೊಡನೆ ಬರೆಯಬೇಕು.

ಹಣ ಕಟ್ಟಬೇಕೇ, ಬೇಡವೇ?

ದೂರು ಕೊಟ್ಟ ಮಾತ್ರಕ್ಕೆ ಬಿಲ್ಲಿನ ಕೊನೆಯ ದಿನ ಮುಂದಕ್ಕೆ ಹೋಗುವುದಿಲ್ಲ. ಇಲ್ಲಿ ನೆರವಿಗೆ ಬರುವುದು ಕಾಯ್ದೆಯ 56ನೆಯ ಸೆಕ್ಷನ್. ಬಾಕಿಗಾಗಿ ಸಂಪರ್ಕ ಕಡಿಯುವ ಮೊದಲು ಕಂಪನಿ ಪೂರಾ 15 ದಿನಗಳ ಲಿಖಿತ ನೋಟಿಸ್ ಕೊಡಬೇಕು. ಅದಕ್ಕಿಂತ ಮಹತ್ವದ್ದು ಅದರ ವಿನಾಯಿತಿ: ಗ್ರಾಹಕರು ಕೇಳಿದ ಪೂರ್ತಿ ಮೊತ್ತವನ್ನಾಗಲಿ, ಹಿಂದಿನ ಆರು ತಿಂಗಳಲ್ಲಿ ಕಟ್ಟಿದ ಮಾಸಿಕ ಸರಾಸರಿಯ ಲೆಕ್ಕದ ಮೊತ್ತವನ್ನಾಗಲಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಆಕ್ಷೇಪಣೆಯೊಡನೆ ಕಟ್ಟಿದರೆ, ವಿವಾದ ತೀರುವವರೆಗೆ ಸಂಪರ್ಕ ಕಡಿಯುವಂತಿಲ್ಲ.

ಹಿಂದಿನ ಆರು ತಿಂಗಳ ಸರಾಸರಿ 1,100 ರೂಪಾಯಿ ಇರುವ ಮನೆಗೆ 9,400 ರೂಪಾಯಿಯ ಬಿಲ್ ಬಂದಿದೆ ಎಂದುಕೊಂಡರೆ, ಕಟ್ಟಬೇಕಾದ್ದು 1,100 ರೂಪಾಯಿ. ಆನ್‌ಲೈನ್‌ನಲ್ಲಿ ಪೂರ್ಣ ಮೊತ್ತಕ್ಕಿಂತ ಕಡಿಮೆ ಕಟ್ಟಲಾಗದಿದ್ದರೆ ಇಆರ್‌ಒಗೆ ಹೋಗಿ, ಈ ಸೆಕ್ಷನ್ನನ್ನು ಹೆಸರಿಸಿದ ಪತ್ರ ಕೊಟ್ಟು, ಭಾಗಶಃ ಪಾವತಿ ಸ್ವೀಕರಿಸುವಂತೆ ಕೇಳಬೇಕು. ಪತ್ರದಲ್ಲಿ ‘ಆಕ್ಷೇಪಣೆಗೆ ಒಳಪಟ್ಟು ಕಟ್ಟುತ್ತಿರುವ ಹಣ’ ಎಂಬ ಅರ್ಥದ ಮಾತು ಇರಲೇಬೇಕು. ಮುಂದಿನ ತಿಂಗಳುಗಳ ವಿವಾದವಿಲ್ಲದ ಬಿಲ್ಲುಗಳನ್ನು ತಡಮಾಡದೆ ಕಟ್ಟುತ್ತಿರಬೇಕು. ಭಯದಿಂದ ಪೂರ್ತಿ ಮೊತ್ತ ಕಟ್ಟಿದವರೂ ಹಕ್ಕು ಕಳೆದುಕೊಳ್ಳುವುದಿಲ್ಲ. ಆದರೆ ಅವರೂ ಆಕ್ಷೇಪಣೆಯನ್ನು ಬರೆದು ಕೊಟ್ಟಿರಬೇಕು.

ಮೀಟರ್ ಪರೀಕ್ಷೆ

ಮೀಟರ್ ವೇಗವಾಗಿ ಓಡುತ್ತಿದೆ ಎಂಬ ದೂರಿಗೆ ಬಾಯಿಮಾತಿನ ಸಮಾಧಾನ ಸಾಲದು, ಪರೀಕ್ಷೆಯೇ ಆಗಬೇಕು. ರೀಡಿಂಗ್ ಬಳಕೆಗೆ ತಕ್ಕಂತಿಲ್ಲ, ಮೀಟರ್ ನಿಂತಿದೆ ಎಂಬಂಥ ದೂರು ಬಂದ 30 ದಿನಗಳೊಳಗೆ ಪರೀಕ್ಷಿಸಬೇಕೆಂದು 2020ರ ನಿಯಮಗಳು ಹೇಳಿದವು. 2024ರ ಫೆಬ್ರುವರಿ 22ರ ತಿದ್ದುಪಡಿ ಇನ್ನೂ ಸ್ಪಷ್ಟವಾದ ಹಕ್ಕನ್ನು ಸೇರಿಸಿತು: ರೀಡಿಂಗ್ ಬಳಕೆಗೆ ತಕ್ಕಂತಿಲ್ಲವೆಂದು ದೂರಿದರೆ 5 ದಿನಗಳೊಳಗೆ ಇನ್ನೊಂದು ಮೀಟರನ್ನು ಹೆಚ್ಚುವರಿಯಾಗಿ ಅಳವಡಿಸಿ, ಕನಿಷ್ಠ 3 ತಿಂಗಳು ಎರಡರ ರೀಡಿಂಗನ್ನೂ ಹೋಲಿಸಿ ನೋಡಬೇಕು. ಅರ್ಜಿಯಲ್ಲಿ ಈ ತಿದ್ದುಪಡಿಯನ್ನು ತಾರೀಕಿನೊಡನೆ ಹೆಸರಿಸುವುದು ಉಪಯುಕ್ತ, ಏಕೆಂದರೆ ಪ್ರಯೋಗಾಲಯದ ಒಂದು ದಿನದ ಪರೀಕ್ಷೆಗೆ ಸಿಗದ ದೋಷ ಮೂರು ತಿಂಗಳ ಹೋಲಿಕೆಯಲ್ಲಿ ಹೊರಬೀಳಬಹುದು.

ಹೆಚ್ಚುವರಿ ಮೀಟರ್ ಹಾಕಿದ ದಿನ ಎರಡೂ ಮೀಟರುಗಳ ಆರಂಭದ ಅಂಕಿಯ ಫೋಟೋ ತೆಗೆದು, ವಾರಕ್ಕೊಮ್ಮೆ ಬರೆದಿಡಬೇಕು. ಮೀಟರನ್ನು ಕಳಚಿ ಒಯ್ಯುವುದಾದರೆ ಸಂಖ್ಯೆ, ಕೊನೆಯ ರೀಡಿಂಗ್, ಸೀಲುಗಳ ಸ್ಥಿತಿ ನಮೂದಿಸಿದ ಚೀಟಿ ಪಡೆಯಬೇಕು. ಪರೀಕ್ಷೆಯ ಸಮಯದಲ್ಲಿ ಹಾಜರಿರಲು ಕೇಳಬಹುದು, ವರದಿಯ ನಕಲನ್ನೂ ಕೇಳಬೇಕು. ಕಂಪನಿಯ ಫಲಿತಾಂಶ ಒಪ್ಪಿಗೆಯಾಗದಿದ್ದರೆ ಮಾನ್ಯತೆ ಪಡೆದ ಹೊರಗಿನ ಪ್ರಯೋಗಾಲಯದಲ್ಲಿ ಪರೀಕ್ಷಿಸಲು ಅದೇ ನಿಯಮಗಳು ಅವಕಾಶ ಕೊಡುತ್ತವೆ.

ಹಳೆಯ ಬಾಕಿಯ ಹೊರೆ

ಎಷ್ಟೋ ವರ್ಷಗಳ ನಂತರ ‘ಹಿಂದೆ ಕಡಿಮೆ ಬಿಲ್ ಮಾಡಿದ್ದೆವು’ ಎಂದು ದೊಡ್ಡ ಮೊತ್ತ ಸೇರಿಸಿದ ಬಿಲ್ ಬರುವುದುಂಟು. 56ನೆಯ ಸೆಕ್ಷನ್ನಿನ ಎರಡನೆಯ ಉಪವಿಭಾಗದಂತೆ, ಬಾಕಿ ಮೊದಲು ಸಲ್ಲತಕ್ಕದ್ದಾದ ದಿನದಿಂದ ಎರಡು ವರ್ಷ ಕಳೆದ ಮೇಲೆ, ಅದನ್ನು ಬಿಲ್ಲುಗಳಲ್ಲಿ ಎಡೆಬಿಡದೆ ತೋರಿಸುತ್ತ ಬಂದಿರದಿದ್ದರೆ, ವಸೂಲಿ ಮಾಡುವಂತಿಲ್ಲ. ಸುಪ್ರೀಂ ಕೋರ್ಟ್ 2020ರ ಫೆಬ್ರುವರಿ 18ರಂದು ಅಜ್ಮೇರ್ ವಿದ್ಯುತ್ ವಿತರಣ ನಿಗಮದ ಪ್ರಕರಣದಲ್ಲಿ ಇದರ ಎಲ್ಲೆಯನ್ನು ಬಿಡಿಸಿ ಹೇಳಿತು. ತಪ್ಪು ದರದಿಂದ ಉಳಿದ ಬಾಕಿಗೆ ಪೂರಕ ಬಿಲ್ ಕೊಡುವುದನ್ನು ಈ ಸೆಕ್ಷನ್ ತಡೆಯುವುದಿಲ್ಲ. ಆದರೆ ಎರಡು ವರ್ಷ ದಾಟಿದ ಅಂಥ ಬಾಕಿಗಾಗಿ ಸಂಪರ್ಕ ಕಡಿಯಲು ಬಾರದು. ಹೀಗಾಗಿ ಹಳೆಯ ಬಾಕಿಯ ಬಿಲ್ ಬಂದಾಗ ಅದರ ಅವಧಿ, ಲೆಕ್ಕ, ಕಾರಣಗಳನ್ನು ಲಿಖಿತವಾಗಿ ಕೇಳುವುದು ಮೊದಲ ಕೆಲಸ.

ಮನೆ ಕೊಂಡವರಿಗೆ ಹಿಂದಿನ ಮಾಲೀಕರ ಬಾಕಿ ಬರುವುದು ಇನ್ನೊಂದು ಸಂಕಟ. ನಿಯಮಗಳಲ್ಲಿ ಅವಕಾಶವಿದ್ದರೆ ಹೊಸ ಮಾಲೀಕರಿಂದ ಹಳೆಯ ಬಾಕಿ ಕೇಳಬಹುದೆಂದು ಸುಪ್ರೀಂ ಕೋರ್ಟ್ 2023ರ ಮೇ 19ರ ತೀರ್ಪಿನಲ್ಲಿ ಹೇಳಿದೆ. ಆದ್ದರಿಂದ ಕ್ರಯಪತ್ರಕ್ಕೆ ಮೊದಲು, ಬಾಡಿಗೆ ಮನೆಯಾದರೆ ಕೀಲಿಕೈ ಪಡೆಯುವ ದಿನ, ಯುಎಸ್‌ಸಿ ಸಂಖ್ಯೆ ಹಾಕಿ ಬಾಕಿ ನೋಡಿಕೊಂಡು ಮೀಟರಿನ ಫೋಟೋ ತೆಗೆಯುವುದು ಕ್ಷೇಮ.

ವೇದಿಕೆ ಮತ್ತು ಒಂಬುಡ್ಸ್‌ಮನ್

ಕಚೇರಿಯ ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ಹೋಗಬೇಕು. ಇಂಥ ವೇದಿಕೆ ಸ್ಥಾಪಿಸುವುದು 42ನೆಯ ಸೆಕ್ಷನ್ನಿನಡಿ ಪ್ರತಿ ವಿತರಣಾ ಕಂಪನಿಯ ಕರ್ತವ್ಯ. ತೆಲಂಗಾಣದಲ್ಲಿ ಇದರ ವಿಧಾನವನ್ನು ಆಯೋಗದ 2015ರ 3ನೆಯ ನಿಯಮಾವಳಿ ಗೊತ್ತುಮಾಡಿದೆ. ಟಿಜಿಎಸ್‌ಪಿಡಿಸಿಎಲ್‌ನಲ್ಲಿ ಗ್ರಾಮೀಣ ಭಾಗಕ್ಕೊಂದು, ಗ್ರೇಟರ್ ಹೈದರಾಬಾದಿಗೊಂದು ವೇದಿಕೆಯಿದೆ. ಅಬಿಡ್ಸ್ ಎರಡನೆಯದರ ವ್ಯಾಪ್ತಿಗೆ ಬರುತ್ತದೆ. ದೂರಿನೊಡನೆ ಮೊದಲ ಅರ್ಜಿಯ ಮೊಹರಿನ ನಕಲು, ಬಿಲ್ಲುಗಳು, ಪಾವತಿ ರಸೀದಿ, ಫೋಟೋಗಳನ್ನು ತಾರೀಕಿನ ಕ್ರಮದಲ್ಲಿ ಜೋಡಿಸಿ ಕೊಡಬೇಕು. ಸಂಪರ್ಕ ಕಡಿಯುವ ಭಯವಿದ್ದರೆ ಮಧ್ಯಂತರ ಆದೇಶವನ್ನು ಅದೇ ಅರ್ಜಿಯಲ್ಲಿ ಕೇಳಬೇಕು. ಕೇಂದ್ರದ ನಿಯಮಗಳು ದೂರು ತೀರಲು ಇಟ್ಟಿರುವ ಹೊರ ಮಿತಿ 45 ದಿನ.

ವೇದಿಕೆಯ ಆದೇಶದಿಂದ ನ್ಯಾಯ ಸಿಗಲಿಲ್ಲವೆನಿಸಿದರೆ ಆದೇಶ ಕೈಸೇರಿದ 30 ದಿನಗಳೊಳಗೆ ವಿದ್ಯುತ್ ಒಂಬುಡ್ಸ್‌ಮನ್‌ಗೆ ಮನವಿ ಸಲ್ಲಿಸಬೇಕು. ಒಂಬುಡ್ಸ್‌ಮನ್ ನೇಮಿಸುವುದು ಆಯೋಗ, ಕಂಪನಿಯಲ್ಲ. ಮೊದಲು ಎರಡೂ ಕಡೆಯವರನ್ನು ಕೂರಿಸಿ ರಾಜಿಗೆ ಪ್ರಯತ್ನಿಸಿ, ಆಗದಿದ್ದರೆ ಆದೇಶ ಕೊಡುವುದು ಇಲ್ಲಿನ ಕ್ರಮ. ವೇದಿಕೆಯನ್ನು ದಾಟಿ ನೇರವಾಗಿ ಒಂಬುಡ್ಸ್‌ಮನ್ ಬಳಿಗೆ ಹೋಗಲಾಗದು. ಎರಡೂ ಕಚೇರಿಗಳ ಈಗಿನ ವಿಳಾಸವನ್ನು ಕಂಪನಿಯ ಜಾಲತಾಣದಲ್ಲಿ ಅಥವಾ ಸೆಕ್ಷನ್ ಕಚೇರಿಯ ಫಲಕದಲ್ಲಿ ನೋಡಿಕೊಳ್ಳಬೇಕು.

ಗ್ರಾಹಕ ಆಯೋಗ ಇನ್ನೊಂದು ದಾರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ವಿದ್ಯುತ್ ಪೂರೈಕೆಯೂ ‘ಸೇವೆ’ಯೇ. ಬಿಲ್ಲಿನ ತಪ್ಪಿನಿಂದ ಅನುಭವಿಸಿದ ತೊಂದರೆಗೆ ಪರಿಹಾರ ಬೇಕಾದವರು ಜಿಲ್ಲಾ ಆಯೋಗಕ್ಕೆ ಹೋಗಬಹುದು. ಒಂದೇ ವಿಷಯವನ್ನು ಎರಡೂ ಕಡೆ ಏಕಕಾಲಕ್ಕೆ ನಡೆಸಬಾರದು. ಕಾಯ್ದೆಯ 126ನೆಯ ಸೆಕ್ಷನ್ನಿನ ಅನಧಿಕೃತ ಬಳಕೆಯ ನಿರ್ಧರಣೆ ಮತ್ತು 135ನೆಯ ಸೆಕ್ಷನ್ನಿನ ಕಳವಿನ ಪ್ರಕರಣಗಳು ವೇದಿಕೆಗೂ ಗ್ರಾಹಕ ಆಯೋಗಕ್ಕೂ ಬರುವುದಿಲ್ಲ. ಗ್ರಾಹಕ ಆಯೋಗದ ಮಟ್ಟಿಗೆ ಇದನ್ನು ಸುಪ್ರೀಂ ಕೋರ್ಟ್ 2013ರ ಜುಲೈ 1ರ ಅನೀಸ್ ಅಹ್ಮದ್ ಪ್ರಕರಣದಲ್ಲಿ ಖಚಿತಪಡಿಸಿದೆ. 126ರ ಅಂತಿಮ ಆದೇಶದ ವಿರುದ್ಧ 127ನೆಯ ಸೆಕ್ಷನ್ನಿನಂತೆ 30 ದಿನಗಳೊಳಗೆ, ನಿರ್ಧರಿಸಿದ ಮೊತ್ತದ ಅರ್ಧ ಕಟ್ಟಿ, ಮೇಲ್ಮನವಿ ಸಲ್ಲಿಸಬೇಕು. ಹೀಗಾಗಿ ನೋಟಿಸ್ ಕೈಗೆ ಬಂದ ಕೂಡಲೇ ಅದು ಯಾವ ಸೆಕ್ಷನ್ನಿನದೆಂದು ನೋಡುವುದು ಅತಿ ಮುಖ್ಯ.

ಕರ್ನಾಟಕದಲ್ಲೂ ಮನೆಯಿರುವವರಿಗೆ

ಕಲಬುರಗಿ, ಬೀದರ್, ರಾಯಚೂರುಗಳಿಂದ ಬಂದು ಹೈದರಾಬಾದಿನಲ್ಲಿ ನೆಲೆಸಿ ಎರಡೂ ಕಡೆ ಮನೆ ಇಟ್ಟುಕೊಂಡ ಕುಟುಂಬಗಳು ಅನೇಕ. ಅಲ್ಲಿ ಕಂಪನಿ ಜೆಸ್ಕಾಂ, ನಿಯಂತ್ರಣ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗದ್ದು. ದೂರಿನ ಸಂಖ್ಯೆ 1912, ಸೆಕ್ಷನ್ 56ರ ರಕ್ಷಣೆ, ವೇದಿಕೆ, ಒಂಬುಡ್ಸ್‌ಮನ್ ಇವೆಲ್ಲ ಎರಡೂ ರಾಜ್ಯಗಳಿಗೆ ಸಮಾನ; ದರಪಟ್ಟಿ ಬೇರೆ. ಗೃಹಜ್ಯೋತಿ ಎಂಬ ಹೆಸರು ಒಂದೇ ಆದರೂ ಲೆಕ್ಕ ಬೇರೆ. 2023ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಯೋಜನೆಯಲ್ಲಿ 200 ಯುನಿಟ್‌ನ ಮಿತಿಯೊಳಗೆ ಪ್ರತಿ ಮನೆಗೂ ಅದರ ಹಿಂದಿನ ವರ್ಷದ ಸರಾಸರಿ ಬಳಕೆಯ ಆಧಾರದ ಮೇಲೆ ಉಚಿತ ಯುನಿಟ್ ಗೊತ್ತುಮಾಡಲಾಯಿತು. ಆದ್ದರಿಂದ ಅಲ್ಲಿ 200 ದಾಟದ ಮನೆಗೂ ಬಿಲ್ ಬರಬಹುದು. ಅದು ತಪ್ಪು ಬಿಲ್ ಎಂದು ದೂರುವ ಮೊದಲು ಆ ಮನೆಗೆ ಗೊತ್ತಾದ ಮಿತಿಯನ್ನು ನೋಡಬೇಕು.

ತಿದ್ದಿದ ಬಿಲ್ ಬಂದ ಮೇಲೆ

ವಿವಾದ ಗ್ರಾಹಕರ ಪರವಾಗಿ ತೀರಿದಾಗ ಹಣ ಸಾಮಾನ್ಯವಾಗಿ ಕೈಗೆ ಬರುವುದಿಲ್ಲ, ಮುಂದಿನ ಬಿಲ್ಲುಗಳಲ್ಲಿ ಹೊಂದಾಣಿಕೆಯಾಗುತ್ತದೆ. ತಿದ್ದುಪಡಿಯ ಆದೇಶದ ನಕಲು ಪಡೆದು, ಮುಂದಿನ ಎರಡು ಮೂರು ಬಿಲ್ಲುಗಳಲ್ಲಿ ಆ ಮೊತ್ತ ಕಳೆದಿದೆಯೇ, ವಿವಾದದ ಅವಧಿಗೆ ಹಾಕಿದ್ದ ತಡ ಪಾವತಿಯ ದಂಡ ತೆಗೆದಿದ್ದಾರೆಯೇ, ಮೀಟರ್ ಬದಲಾಗಿದ್ದರೆ ಹೊಸ ಮೀಟರಿನ ಆರಂಭದ ರೀಡಿಂಗ್ ಸರಿಯಾಗಿ ನಮೂದಾಗಿದೆಯೇ ಎಂದು ನೋಡಬೇಕು. ತಪ್ಪು ಬಿಲ್ಲಿನ ಆಧಾರದ ಮೇಲೆ ಹೆಚ್ಚುವರಿ ಠೇವಣಿ ಕೇಳಿದ್ದರೆ ಅದನ್ನೂ ತಿದ್ದಿಸಬೇಕು. ಶೂನ್ಯ ಬಿಲ್ಲಿಗೆ ಅರ್ಹವಾಗಿದ್ದ ತಿಂಗಳು ತಪ್ಪು ರೀಡಿಂಗ್‌ನಿಂದ ಕೈತಪ್ಪಿದ್ದರೆ ಆ ತಿಂಗಳ ಸಬ್ಸಿಡಿಯನ್ನು ಮರಳಿ ಕೊಡಿಸುವಂತೆ ಪ್ರತ್ಯೇಕವಾಗಿ ಕೇಳಬೇಕಾಗುತ್ತದೆ, ಏಕೆಂದರೆ ಯುನಿಟ್ ತಿದ್ದಿದ ಮಾತ್ರಕ್ಕೆ ಅದು ತಾನಾಗಿ ಬಂದಿರುತ್ತದೆ ಎನ್ನಲಾಗದು. ಬಿಲ್ಲುಗಳು, ರಸೀದಿಗಳು ಮತ್ತು ತಿಂಗಳ ಒಂದೇ ತಾರೀಕಿನಂದು ತೆಗೆದ ಮೀಟರಿನ ಫೋಟೋಗಳನ್ನು ಕನಿಷ್ಠ ಎರಡು ವರ್ಷ ಜೋಪಾನವಾಗಿಟ್ಟರೆ, ಮುಂದೆ ಬರುವ ಯಾವುದೇ ತಪ್ಪು ಬಿಲ್ಲಿಗೆ ಬೇಕಾದ ಪುರಾವೆ ಮನೆಯಲ್ಲೇ ಸಿದ್ಧವಿರುತ್ತದೆ.